ಥ್ಯಾಂಕ್ಸ್ ಹೇಳಿ ಕಳೆದುಕೊಂಡ ಹೆಣದ ದಾರಿ

ಗೆ,
ಸಾರ್ವಜನಿಕ ಕಾಲುದಾರಿಗಳ ಅಧಿಕಾರಿಗಳು,
ನಮ್ಮ ಕೌಂಟಿಯ ಕಚೇರಿ.

ಮಾನ್ಯರೇ,

ಈ ಸಂಬೋಧನೆಯನ್ನು ಕೈ ತಾನಾಗಿ ಬರೆದುಬಿಟ್ಟಿತು. ಇದಕ್ಕೂ ನೀವು ಯಾವುದಾದರೊಂದು ಕಾನೂನಿನ ಅರ್ಥ ಹಚ್ಚುವ ಮೊದಲೇ ವಿಷಯಕ್ಕೆ ಬರುತ್ತೇನೆ. ನಮ್ಮ ಊರು ಹ್ಯಾಗ್‌ಬೆಕ್‌ನಿಂದ ಗುಡ್ಡ ದಾಟಿ ಕರ್ಕ್‌ಸ್ಕೇಲ್ ಚರ್ಚಿಗೆ ಹೋಗುವ ಒಂದೂಕಾಲು ಮೈಲಿಯ ಕಾಲುದಾರಿಯನ್ನು ಸಾರ್ವಜನಿಕ ಹಾದಿಯೆಂದು ನಿಮ್ಮ ಅಧಿಕೃತ ನಕ್ಷೆಗೆ ಸೇರಿಸಿ ಎಂದು ನಾವು ಹಾಕಿಕೊಂಡ ಅರ್ಜಿಯನ್ನು ಕಳೆದ ತಿಂಗಳು ನೀವು ತಿರಸ್ಕರಿಸಿದ್ದೀರಿ. ಕಾರಣ, ಆ ದಾರಿಯಲ್ಲಿ ನಡೆದದ್ದಕ್ಕೆ ನಾವು ಜಮೀನಿನ ಮಾಲೀಕರಿಗೆ ಥ್ಯಾಂಕ್ಸ್ ಹೇಳಿದ್ದೆವು. ಈ ಬಹಿರಂಗ ಪತ್ರವನ್ನು ಪತ್ರಿಕೆಯಲ್ಲಿ ಓದುವವರು ಅಚ್ಚಿನ ತಪ್ಪೆಂದು ತಿಳಿಯಬಾರದು, ಅದಕ್ಕೇ ಇನ್ನೊಮ್ಮೆ ಬರೆಯುತ್ತೇನೆ. ದಾರಿಯಲ್ಲಿ ಯಾರೂ ನಡೆದಿಲ್ಲ ಎಂದು ನೀವು ಹೇಳಿಲ್ಲ. ಊರಿಗೆ ಊರೇ ತಲೆಮಾರುಗಳಿಂದ ನಡೆದಿದೆ ಎಂದು ನೀವೇ ಒಪ್ಪಿದ್ದೀರಿ. ನಡೆದು ಥ್ಯಾಂಕ್ಸ್ ಹೇಳಿದ್ದೇ ನಮ್ಮ ಅಪರಾಧ. ಆ ಥ್ಯಾಂಕ್ಸ್ ಹೇಳಿದವಳು ನಾನು.

ನನ್ನ ಹೆಸರು ಮ್ಯೂರಿಯಲ್ ಗಾರ್ಥ್, ವಯಸ್ಸು ಎಪ್ಪತ್ತೊಂದು. ಮೂವತ್ತು ವರ್ಷ ಇಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸಿ ಹಾಕಿದವಳು. ಊರಿನ ಕಾಲುದಾರಿ ಸಮಿತಿಯ ಕಾರ್ಯದರ್ಶಿ. ಸಮಿತಿ ಎಂದಕೂಡಲೇ ನಿಮ್ಮ ಕಚೇರಿಯ ಸಮಿತಿಗಳ ಹಾಗೆ ಗಾಜಿನ ಲೋಟ, ಮೈಕು ಎಂದೆಲ್ಲ ಊಹಿಸಿಕೊಳ್ಳಬೇಡಿ. ಹೊಸವರ್ಷದ ದಿನ ಬೆಳಿಗ್ಗೆ ಹದಿನೈದಿಪ್ಪತ್ತು ಜನ ಕುಡುಗೋಲು ಹಿಡಿದು ದಾರಿಗೆ ಬಾಗಿದ ಮುಳ್ಳುಕಂಟಿ, ಜರಿಗಿಡ ಸವರುತ್ತಿದ್ದೆವು. ಫ್ಲಾಸ್ಕಿನ ಚಹಾ ಕುಡಿದು, ಹಂದಿಮಾಂಸದ ಪೈ ತಿಂದು, ಮಳೆಯನ್ನು ಬೈದುಕೊಂಡು ಮನೆಗೆ ಬರುತ್ತಿದ್ದೆವು. ಸಮಿತಿ ಅಂದರೆ ಇಷ್ಟೇ. ಮನೆಗೆ ಬಂದಮೇಲೆ ನನ್ನದೊಂದು ಕೆಲಸ ಉಳಿಯುತ್ತಿತ್ತು. ಆ ಹೊಲಗಳ ಮಾಲೀಕರಾದ ಕರ್ನಲ್ ಸಾಹೇಬರಿಗೆ ಒಂದು ಕಾರ್ಡು, ಅದರ ಜೊತೆ ಒಂದು ಬಾಟಲಿ ಡ್ಯಾಮ್ಸನ್ ಹಣ್ಣಿನ ಜಾಮು. ಕಾರ್ಡಿನಲ್ಲಿ ಎರಡೇ ಸಾಲು: ‘ಈ ವರ್ಷವೂ ನಿಮ್ಮ ಹೊಲದ ಮೇಲೆ ನಡೆದಾಡಿದೆವು, ಥ್ಯಾಂಕ್ಸ್. ನಿಮಗೆ ಹೊಸ ವರ್ಷ ಒಳ್ಳೆಯದಾಗಲಿ.’

ಇದನ್ನು ಬರೆಯಿರಿ ಎಂದು ಯಾರೂ ನನಗೆ ಹೇಳಿರಲಿಲ್ಲ, ಕರ್ನಲ್ಲರಂತೂ ಕೇಳಿಯೇ ಇರಲಿಲ್ಲ. ನಾವು ಅಂಥ ಜನ, ಏನು ಮಾಡುವುದು? ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತೇವೆ. ಅಂಗಡಿಯವನು ಚಿಲ್ಲರೆ ಕೊಟ್ಟರೆ ಥ್ಯಾಂಕ್ಸ್, ಅವನು ಅದಕ್ಕೆ ಥ್ಯಾಂಕ್ಸ್ ಅಂದರೆ ಅದಕ್ಕೂ ಇನ್ನೊಂದು ಥ್ಯಾಂಕ್ಸ್. ಯಾರಾದರೂ ನಮ್ಮ ಕಾಲು ತುಳಿದರೆ ಸಾರಿ ಅನ್ನುವವರು ನಾವೇ. ಟಿಕೆಟ್ ಕೊಂಡು ಕೂತ ಮೇಲೂ ಡ್ರೈವರಿಗೆ ಥ್ಯಾಂಕ್ಸ್ ಹೇಳುವ ನಾನು ಅವನ ದಯೆಯಿಂದ ಪ್ರಯಾಣ ಮಾಡಿದೆ ಎಂದಾಯಿತೇ? ನಾಳೆ ಅವನು ಅದೇ ಮಾತನ್ನು ಹಿಡಿದು ನನ್ನನ್ನು ಅರ್ಧ ದಾರಿಯಲ್ಲಿ ಇಳಿಸಬಹುದೇ? ನಿಮ್ಮ ತೀರ್ಪಿನ ಪ್ರಕಾರ ಧಾರಾಳವಾಗಿ ಇಳಿಸಬಹುದು.

ಇನ್ನು ನಿಮ್ಮ ಕಾನೂನು. ಐದು ವರ್ಷ ಈ ಅರ್ಜಿಯ ಬೆನ್ನು ಹತ್ತಿ ಅದನ್ನು ನಾನು ಬಾಯಿಪಾಠ ಮಾಡಿದ್ದೇನೆ. ಜನರು ಇಪ್ಪತ್ತು ವರ್ಷ ಎಡೆಬಿಡದೆ ಒಂದು ದಾರಿಯಲ್ಲಿ ನಡೆದರೆ ಅದು ಸಾರ್ವಜನಿಕ ದಾರಿಯಾಗುತ್ತದೆ. ಕೇಳಲು ಎಷ್ಟು ಚೆಂದ! ಆದರೆ ಮೂರು ಷರತ್ತು. ಬಲಪ್ರಯೋಗ ಮಾಡಿರಬಾರದು, ಗುಟ್ಟಾಗಿ ನಡೆದಿರಬಾರದು, ಅನುಮತಿ ಪಡೆದಿರಬಾರದು. ಅಂದರೆ ಒದ್ದೂ ಹೋಗಬಾರದು, ಕದ್ದೂ ಹೋಗಬಾರದು, ಕೇಳಿಯೂ ಹೋಗಬಾರದು. ಮೊದಲ ಎರಡು ನನಗೆ ಅರ್ಥವಾಗುತ್ತವೆ. ಮೂರನೆಯದು ಅರ್ಥವಾಗಲು ನನ್ನ ದಾರಿ ಮುಚ್ಚಿಹೋಗಬೇಕಾಯಿತು. ಮಾಲೀಕ ‘ಹೋಗಿ’ ಅಂದಿದ್ದರೆ ಅದು ಅವನ ಕೃಪೆ, ಕೃಪೆಯನ್ನು ಯಾವಾಗ ಬೇಕಾದರೂ ಹಿಂದೆ ಪಡೆಯಬಹುದು. ಇಷ್ಟನ್ನು ನಾನೂ ಒಪ್ಪುತ್ತೇನೆ. ಆದರೆ ಕರ್ನಲ್ಲರು ‘ಹೋಗಿ’ ಅಂದದ್ದು ಯಾವಾಗ? ಯಾವ ಕಾಗದದಲ್ಲಿ? ಯಾರ ಎದುರು? ಆ ಒಂದು ಪ್ರಶ್ನೆಗೆ ನಿಮ್ಮ ಅರವತ್ತೆಂಟು ಪುಟದ ವರದಿಯಲ್ಲಿ ಒಂದು ಸಾಲಿನ ಉತ್ತರವೂ ಇಲ್ಲ. ಥ್ಯಾಂಕ್ಸ್ ಹೇಳಿದ್ದಾರೆ, ಆದ್ದರಿಂದ ಅನುಮತಿ ಇದ್ದಿರಲೇಬೇಕು, ಎಂದು ಬರೆದು ಕೈ ತೊಳೆದುಕೊಂಡಿದ್ದೀರಿ.

ಆ ದಾರಿಯನ್ನು ಊರಿನವರು ಹೆಣದ ದಾರಿ ಅನ್ನುತ್ತೇವೆ. ಹ್ಯಾಗ್‌ಬೆಕ್‌ನಲ್ಲಿ ಚರ್ಚೂ ಇಲ್ಲ, ಸ್ಮಶಾನವೂ ಇಲ್ಲ. ಡಾಂಬರು ರಸ್ತೆ ಬರುವ ಮೊದಲು ಇಲ್ಲಿ ಸತ್ತವರೆಲ್ಲ ಹೆಗಲ ಮೇಲೆ ಗುಡ್ಡ ಹತ್ತಿಯೇ ಕರ್ಕ್‌ಸ್ಕೇಲಿನ ಮಣ್ಣು ಸೇರಿದವರು. ನಡುದಾರಿಯಲ್ಲಿ, ಗೋಡೆಯ ಪಕ್ಕ, ಮೇಜಿನಷ್ಟು ಅಗಲದ ಒಂದು ಚಪ್ಪಟೆ ಕಲ್ಲಿದೆ. ಶವದ ಪೆಟ್ಟಿಗೆ ಇಳಿಸಿ ಹೆಗಲು ಬದಲಿಸಲು ಹಾಕಿದ ಕಲ್ಲು. ಅದರ ಅಂಚು ಸವೆದು ನುಣುಪಾಗಿದೆ. ಯಾರು ಸವೆಸಿದರು? ಹೆಣಗಳು ನಿಮ್ಮ ಫಾರಂ ತುಂಬಿ ಸಹಿ ಹಾಕಿಲ್ಲ, ಹಾಗಾಗಿ ಅದು ಸಾಕ್ಷ್ಯವಲ್ಲ. ವರದಿಯಲ್ಲಿ ಆ ಕಲ್ಲಿಗೆ ನೀವು ಕೊಟ್ಟ ಹೆಸರು ‘ಉದ್ದೇಶ ತಿಳಿಯದ ಶಿಲೆ’. ಊರಲ್ಲಿ ಯಾವ ಮಗುವನ್ನು ಕೇಳಿದ್ದರೂ ಉದ್ದೇಶ ಹೇಳುತ್ತಿತ್ತು.

ಆ ಕಲ್ಲಿನ ಮೇಲೆ ಕೊನೆಯ ಸಲ ಪೆಟ್ಟಿಗೆ ಇಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹದಿನಾಲ್ಕು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ನನ್ನ ಗೆಳತಿ ಹೆಟ್ಟಿ ಹೆಬ್ಡನ್ ತೀರಿಕೊಂಡಳು. ಅವಳ ಗಂಡ ಸೆಲ್ವಿನ್ ಕಲ್ಲುಗೋಡೆ ಕಟ್ಟುವವನು. ಗಾರೆ ಹಾಕದೆ, ಕಲ್ಲಿನ ಮೇಲೆ ಕಲ್ಲು ಕೂರಿಸಿ, ಈ ಕಣಿವೆಯ ಅರ್ಧ ಗೋಡೆಗಳನ್ನು ಕಟ್ಟಿದವನು. ಗೋಡೆ ದಾಟಲು ನಾಲ್ಕು ಕಲ್ಲುಮೆಟ್ಟಿಲು ಹೊರಚಾಚಿದ ತಡಮೆ ಆ ದಾರಿಯ ಬಾಯಲ್ಲಿದೆಯಲ್ಲ, ಅದೂ ಅವನ ಕೈಯದೇ. ಹೆಟ್ಟಿಯ ಮಣ್ಣಿನ ದಿನ ಸೊಂಟದುದ್ದ ಹಿಮ ಬಿದ್ದು ರಸ್ತೆ ಕಟ್ಟಿಹೋಗಿತ್ತು. ಶವದ ಗಾಡಿ ಪೇಟೆಯಿಂದ ಹೊರಡಲೇ ಇಲ್ಲ. ಸೆಲ್ವಿನ್ ಸನಿಕೆ ತೆಗೆದುಕೊಂಡು ಗುಡ್ಡದ ಕಡೆ ನಡೆದ. ಅವನ ಹಿಂದೆ ಊರಿನ ಗಂಡಸರು, ಅವರ ಹಿಂದೆ ನಾವು. ಎಂಟು ಜನ ಸರದಿಯ ಮೇಲೆ ಹೆಗಲು ಕೊಟ್ಟು ಹೆಟ್ಟಿಯನ್ನು ಒಯ್ದರು. ಕಲ್ಲಿನ ಹತ್ತಿರ ಬರುವಾಗ ಕರ್ನಲ್ಲರು ತಮ್ಮ ಹೊಲದ ಅಂಚಿನಲ್ಲಿ ಟೋಪಿ ತೆಗೆದು ನಿಂತಿದ್ದರು. ಪೆಟ್ಟಿಗೆ ಮುಂದೆ ಹೋದಮೇಲೆ ಅವರೂ ನಮ್ಮ ಹಿಂದೆ ನಡೆದು ಚರ್ಚಿಗೆ ಬಂದರು. ಅವರನ್ನು ಯಾರೂ ಅಪ್ಪಣೆ ಕೇಳಲಿಲ್ಲ, ಅವರು ಯಾರಿಗೂ ಅಪ್ಪಣೆ ಕೊಡಲಿಲ್ಲ. ಹೆಣ ಹೊತ್ತವರು ಅಪ್ಪಣೆ ಕೇಳುತ್ತಾರೆಯೇ?

ಆ ಹೊಸವರ್ಷಕ್ಕೆ ನಾನು ಕಾರ್ಡಿನಲ್ಲಿ ಒಂದು ಸಾಲು ಹೆಚ್ಚು ಬರೆದೆ. ‘ನಮ್ಮ ಹೆಟ್ಟಿಯನ್ನು ನಿಮ್ಮ ಹೊಲದ ಮೇಲೆ ಒಯ್ದ ದಿನ ನೀವು ತೋರಿದ ದೊಡ್ಡ ಮನಸ್ಸಿಗೆ ಥ್ಯಾಂಕ್ಸ್.’ ಟೋಪಿ ತೆಗೆದು ನಿಂತದ್ದಕ್ಕೆ ಹೇಳಿದ ಮಾತು ಅದು. ಆ ಸಾಲನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕರ್ನಲ್ಲರು ಆರು ವರ್ಷದ ಹಿಂದೆ ತೀರಿಕೊಂಡರು. ಮಗಳು ದೂರದಲ್ಲಿದ್ದಳು, ಮನೆ, ಹೊಲ, ಗುಡ್ಡ ಎಲ್ಲವನ್ನೂ ಮಾರಿದಳು. ಮೇಜು, ಕುರ್ಚಿ, ಕಪಾಟಿನೊಳಗಿನ ಕಾಗದ ಸಮೇತ. ಹೊಸ ಮಾಲೀಕರನ್ನು ನಾವು ಇವತ್ತಿಗೂ ನೋಡಿಲ್ಲ. ಹಕ್ಕಿ ಬೇಟೆಯ ಕಾಲದಲ್ಲಿ ಕಪ್ಪು ಗಾಜಿನ ಗಾಡಿಗಳು ಸಾಲಾಗಿ ಬಂದು ಸಾಲಾಗಿ ಹೋಗುತ್ತವೆ, ಅಷ್ಟೇ. ಬಂದ ವರ್ಷವೇ ಸೆಲ್ವಿನ್ನನ ತಡಮೆಗೆ ಅಡ್ಡಲಾಗಿ ಮುಳ್ಳುತಂತಿ ಬಿಗಿದರು. ‘ಖಾಸಗಿ, ಪ್ರವೇಶವಿಲ್ಲ’ ಎಂಬ ಫಲಕ ನೆಟ್ಟರು. ಅದೇ ತಿಂಗಳು ನಾನು ನಿಮ್ಮ ಕಚೇರಿಗೆ ಅರ್ಜಿ ಹಾಕಿದೆ. ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಪದವನ್ನು ನೀವು ಐದು ವರ್ಷ ಬಾಳಿಸಿದಿರಿ. ಪುಣ್ಯಾತ್ಮರು!

ಸಾಕ್ಷಿಗಳ ಫಾರಂ ಕಳಿಸಿ ಎಂದಿರಿ, ಕಳಿಸಿದೆವು. ನಲವತ್ತಾರು ಜನ ಅಡುಗೆಮನೆಯ ಮೇಜಿನ ಮುಂದೆ ಕೂತು, ಕನ್ನಡಕ ಹಾಕಿಕೊಂಡು, ತಮಗೆ ನೆನಪಿರುವ ಅಷ್ಟೂ ವರ್ಷಗಳನ್ನು ಬರೆದುಕೊಟ್ಟರು. ಹನ್ನೊಂದನೆಯ ಪ್ರಶ್ನೆ: ಮಾಲೀಕರ ಅನುಮತಿ ಪಡೆದಿದ್ದಿರಾ? ಆ ಪ್ರಶ್ನೆಯ ಕೆಳಗೆ ಗುಂಡಿ ತೋಡಿಟ್ಟಿದ್ದೀರಿ ಎಂದು ನಮಗೆ ಯಾರು ಹೇಳಬೇಕಾಗಿತ್ತು? ‘ಕರ್ನಲ್ಲರು ಯಾವಾಗಲೂ ಕೈ ಬೀಸುತ್ತಿದ್ದರು’ ಎಂದು ಒಬ್ಬರು ಬರೆದರು. ‘ತುಂಬ ಒಳ್ಳೆಯವರು, ಒಂದು ದಿನವೂ ಬೇಡ ಅಂದವರಲ್ಲ’ ಎಂದು ಇನ್ನೊಬ್ಬರು. ಸತ್ತವರ ಬಗ್ಗೆ ಒಂದು ಒಳ್ಳೆಯ ಮಾತು ಬರೆಯದಿದ್ದರೆ ಹೇಗೆ ಎಂದುಕೊಂಡ ಜನ. ನಲವತ್ತೈದು ಫಾರಂಗಳನ್ನು ನೀವು ಅನುಮತಿಯ ಪಟ್ಟಿಗೆ ಸೇರಿಸಿದಿರಿ. ನಿಮ್ಮ ಲೆಕ್ಕದಲ್ಲಿ ಉಳಿದದ್ದು ಒಂದೇ ಒಂದು, ಕ್ಲೆಮ್ ರೇಸ್ಟ್ರಿಕ್‌ನದು.

ಕ್ಲೆಮ್ ನಮ್ಮ ಊರಿನಲ್ಲಿ ಬಾಯಿ ಸರಿಯಿಲ್ಲದ ಒಬ್ಬನೇ ಮನುಷ್ಯ. ನಾಯಿಯ ವಿಷಯಕ್ಕೆ ಒಮ್ಮೆ ಕರ್ನಲ್ಲರನ್ನು ನಡುಹೊಲದಲ್ಲಿ ನಿಲ್ಲಿಸಿ ಜನ್ಮ ಜಾಲಾಡಿದವನು. ಹನ್ನೊಂದನೆಯ ಪ್ರಶ್ನೆಗೆ ಅವನು ಬರೆದ ಉತ್ತರ: ‘ಅವನ ಅಪ್ಪಣೆ ಯಾವನಿಗೆ ಬೇಕಾಗಿತ್ತು?’ ಇದನ್ನು ನೋಡಿ ನಾನು ನಾಚಿಕೊಂಡಿದ್ದೆ. ಹೀಗೆಲ್ಲ ಬರೆಯಬಾರದು, ಬೇರೆ ಫಾರಂ ಕೊಡುತ್ತೇನೆ ಎಂದು ಅವನನ್ನು ಗೋಗರೆದಿದ್ದೆ. ನಿಮ್ಮ ವರದಿ ಬಂದ ದಿನ ಅವನು ನಮ್ಮ ಮನೆಗೆ ಬಂದು, ನನ್ನ ಚಹಾ ಕುಡಿದು, ನನ್ನ ಮುಖ ನೋಡಿ ನಕ್ಕ.

“ನೋಡಿದ್ಯಾ ಮ್ಯೂರಿಯಲ್, ಇಡೀ ಊರಲ್ಲಿ ಕಾನೂನು ಪ್ರಕಾರ ನಡ್ಕೊಂಡೋನು ನಾನೊಬ್ನೇ. ನಾನು ಬೈದಿದ್ದು ಪುಣ್ಯ, ನೀನು ಜಾಮ್ ಕೊಟ್ಟಿದ್ದು ಪಾಪ.”

ಒಬ್ಬ ಮುದುಕನ ಬೈಗುಳಕ್ಕೆ ಇರುವ ಬೆಲೆ ನಲವತ್ತೈದು ಜನರ ಮರ್ಯಾದೆಗೆ ಇಲ್ಲ ಎಂದು ತೀರ್ಮಾನಿಸಿದವರು ನೀವು. ನಾಳೆ ಶಾಲೆಯಲ್ಲಿ ಮಕ್ಕಳಿಗೆ ಏನು ಕಲಿಸೋಣ? ಪುಟ್ಟಾ, ಯಾರಾದರೂ ಬಾಗಿಲು ಹಿಡಿದುಕೊಂಡರೆ ಥ್ಯಾಂಕ್ಸ್ ಅನ್ನಬೇಡ, ಕೆಕ್ಕರಿಸಿ ನೋಡಿ ಒಳಗೆ ನುಗ್ಗು, ಇಲ್ಲದಿದ್ದರೆ ಬಾಗಿಲು ಹೋಗುತ್ತದೆ ಎಂದೇ?

ಸ್ಥಳ ಪರಿಶೀಲನೆಯ ಕಥೆಯನ್ನೂ ಹೇಳಿಬಿಡುತ್ತೇನೆ. ನಾಲ್ಕನೆಯ ವರ್ಷ ನಿಮ್ಮ ಕಚೇರಿಯಿಂದ ಒಬ್ಬ ತರುಣಿ ಬಂದಳು. ಕಾರಿನಿಂದ ಇಳಿದು ತಂತಿಯ ಫೋಟೋ ತೆಗೆದಳು, ಫಲಕದ ಫೋಟೋ ತೆಗೆದಳು. ಕಾಲಲ್ಲಿ ಬಿಳಿ ಬೂಟು, ನೆಲದಲ್ಲಿ ಕೆಸರು. ಆಚೆ ಹೋಗಿ ಕಲ್ಲನ್ನು ನೋಡಿ ಎಂದೆ, ಮಾಲೀಕರಿಂದ ಅನುಮತಿ ಪತ್ರ ಇನ್ನೂ ಬಂದಿಲ್ಲ ಎಂದಳು. ನಡೆಯುವ ದಾರಿಯನ್ನು ಪರೀಕ್ಷಿಸಲು ಬಂದವಳು ನಡೆಯದೇ ಹೋದಳು. ಹೋಗುವ ಮುಂಚೆ ಕೈಯಲ್ಲಿದ್ದ ಕಾಗದ ನೋಡಿ ನನ್ನನ್ನು ಒಂದು ಪ್ರಶ್ನೆ ಕೇಳಿದಳು.

“ಇಲ್ಲಿ ಈಗ ಯಾರಾದ್ರೂ ಓಡಾಡ್ತಾರಾ ಮೇಡಂ? ಹುಲ್ಲು ನೋಡಿದ್ರೆ ಹಂಗೇನೂ ಅನ್ಸಲ್ಲ.”

ನಾಲ್ಕು ವರ್ಷ ಮುಳ್ಳುತಂತಿ ಬಿಗಿದಿಟ್ಟ ದಾರಿಯಲ್ಲಿ ಹುಲ್ಲು ಬೆಳೆಯದೆ ಇನ್ನೇನು ಬೆಳೆಯುತ್ತದೆ? ಆದರೂ ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೂ ಚಹಾ ಕೊಟ್ಟು, ಇಷ್ಟು ದೂರ ಬಂದದ್ದಕ್ಕೆ ಥ್ಯಾಂಕ್ಸ್ ಹೇಳಿಯೇ ಕಳಿಸಿದೆ. ಬುದ್ಧಿ ಬರುವುದು ತಡ, ನೋಡಿ.

ಕಳೆದ ತಿಂಗಳ ವಿಚಾರಣೆಗೆ ಬರೋಣ. ಎರಡು ಬಸ್ಸು ಬದಲಿಸಿ, ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ನಿಮ್ಮ ಊರಿಗೆ ಬಂದೆ. ನನಗೆ ಕೊಟ್ಟದ್ದು ಮೂರು ನಿಮಿಷ. ಹಿಮದ ದಿನದ ಬಗ್ಗೆ ಹೇಳಲು ಶುರುಮಾಡುವಷ್ಟರಲ್ಲಿ ಮಾಲೀಕರ ವಕೀಲರು ಎದ್ದು ಮೇಜಿನ ಮೇಲೆ ಒಂದು ತಗಡಿನ ಬಿಸ್ಕತ್ತು ಡಬ್ಬಿ ಇಟ್ಟರು. ಕರ್ನಲ್ಲರ ಕಪಾಟಿನಲ್ಲಿ ಸಿಕ್ಕಿದ್ದು. ಅದರೊಳಗೆ ನನ್ನ ಕಾರ್ಡುಗಳು, ಇಪ್ಪತ್ತೆರಡು. ಒಂದೊಂದನ್ನೂ ವರ್ಷದ ಪ್ರಕಾರ ಜೋಡಿಸಿ, ದಾರ ಕಟ್ಟಿ ಇಟ್ಟಿದ್ದರು ಕರ್ನಲ್ಲರು. ಹೆಂಡತಿ ಸತ್ತ ಮೇಲೆ ಆ ದೊಡ್ಡ ಮನೆಯಲ್ಲಿ ಒಬ್ಬರೇ ಇದ್ದರು, ನನ್ನ ಎರಡು ಸಾಲನ್ನು ಪ್ರೀತಿಯಿಂದಲೇ ಕಾಪಾಡಿಕೊಂಡಿದ್ದರು ಅನಿಸುತ್ತದೆ. ಆ ಡಬ್ಬಿ ನೋಡಿ ನನಗೆ ಒಂದು ಕ್ಷಣ ಸಂತೋಷವೇ ಆಯಿತು, ಪೆದ್ದಿಯ ಹಾಗೆ. ಆಮೇಲೆ ನೀವು ಒಂದು ಕಾರ್ಡನ್ನು ಎತ್ತಿ ಹಿಡಿದಿರಿ.

“ಮೇಡಂ, ಇದು ನಿಮ್ಮ ಕೈಬರಹಾನಾ?”

“ಹೌದು,” ಎಂದೆ. “ಸಾರಿ.”

ಸಾರಿ ಯಾಕೆ ಅಂದೆ? ಗೊತ್ತಿಲ್ಲ. ಬರಹ ವಕ್ರವಾಗಿದ್ದದ್ದಕ್ಕೋ, ನಿಮ್ಮ ಸಮಯ ತೆಗೆದುಕೊಂಡದ್ದಕ್ಕೋ. ಇಪ್ಪತ್ತೆರಡು ಕಾರ್ಡಿಗಿಂತ ಆ ಒಂದು ಪದ ನಿಮ್ಮ ಮುಖದಲ್ಲಿ ಎಷ್ಟು ನೆಮ್ಮದಿ ತಂದಿತು ಎಂಬುದನ್ನು ಮಾತ್ರ ನಾನು ನೋಡಿದೆ. ಗಂಟೆ ಬಾರಿಸಿದಿರಿ. ನನ್ನ ಮೂರು ನಿಮಿಷ ಮುಗಿದಿತ್ತು. ನಾನು ಕೋಟಿನ ಗುಂಡಿ ಹಾಕಿಕೊಂಡು, ಬಾಗಿಲ ಹತ್ತಿರ ತಿರುಗಿ, ನಿಮಗೆಲ್ಲ ಥ್ಯಾಂಕ್ಸ್ ಹೇಳಿ ಹೊರಗೆ ಬಂದೆ. ಇದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಿಮ್ಮ ವರದಿಯ ನಲವತ್ತೇಳನೆಯ ಪರಿಚ್ಛೇದಕ್ಕೆ ಬಂದಾಗ ಆ ಹೇಸಿಗೆ ನನ್ನಿಂದ ನಿಮ್ಮ ಕಡೆಗೆ ತಿರುಗಿತು. ಅಲ್ಲಿ ಬರೆದಿದ್ದೀರಿ: ‘ಶವವನ್ನು ಒಯ್ಯಲು ಮಾಲೀಕರು ನೀಡಿದ ವಿಶೇಷ ಅನುಮತಿಯನ್ನು ಅರ್ಜಿದಾರರೇ ಲಿಖಿತವಾಗಿ ಒಪ್ಪಿಕೊಂಡಿದ್ದಾರೆ.’ ಹೆಟ್ಟಿಯ ಬಗ್ಗೆ ನಾನು ಬರೆದ ಸಾಲು! ಕಣ್ಣೀರು ಒರೆಸಿಕೊಂಡು ಬರೆದ ಸಾಲನ್ನು ಎತ್ತಿ, ಅದಕ್ಕೆ ದಾಖಲೆ ಸಂಖ್ಯೆ ಹಚ್ಚಿ, ಅವಳ ಗಂಡನ ದಾರಿಗೆ ಅಡ್ಡ ಇಟ್ಟಿರಿ. ಥೂ! ಮಾನ್ಯರೇ, ಇಷ್ಟು ವರ್ಷದಲ್ಲಿ ನಾನು ಯಾರಿಗೂ ಈ ಅಕ್ಷರ ಬರೆದಿರಲಿಲ್ಲ. ಆ ಪರಿಚ್ಛೇದವನ್ನು ಟೈಪು ಮಾಡುವಾಗ ಆ ಕೈಗೆ ಒಮ್ಮೆಯಾದರೂ ತಡೆದು ನಿಲ್ಲಬೇಕು ಅನಿಸಲಿಲ್ಲವೇ? ಮೇಲೆ ಸಹಿ ಹಾಕಿದ ನಿಮಗೆ?

ಈಗ ಸೆಲ್ವಿನ್ ವಿಷಯ. ಅವನಿಗೆ ಎಂಬತ್ತನಾಲ್ಕು. ಹದಿನಾಲ್ಕು ವರ್ಷದಿಂದ ಪ್ರತಿ ಭಾನುವಾರ ಹೆಟ್ಟಿಯ ಹತ್ತಿರ ಹೋಗಿ, ಸಮಾಧಿಯ ಕಲ್ಲಿನ ಮೇಲಿನ ಪಾಚಿ ಕೆರೆದು, ವಾರದ ಸುದ್ದಿ ಹೇಳಿ ಬರುವುದು ಅವನ ನೇಮ. ತಂತಿ ಬಿಗಿದ ಮೇಲೆ ನಾನು ನನ್ನ ಕಾರಿನಲ್ಲಿ ನಾಲ್ಕು ಮೈಲಿ ಸುತ್ತು ಹಾಕಿ ಕರೆದೊಯ್ಯುತ್ತಿದ್ದೆ. ಹೋದ ವರ್ಷ ನನ್ನ ಕಣ್ಣು ಮಂಜಾಗಿ ಲೈಸೆನ್ಸು ಒಪ್ಪಿಸಿದೆ. ಭಾನುವಾರ ಬಸ್ಸಿಲ್ಲ. ಇರುವ ದಿನದ ಬಸ್ಸು ಆ ಕಡೆಗೆ ಹೋಗುವುದಿಲ್ಲ. ಉಳಿದದ್ದು ಡಾಂಬರು ರಸ್ತೆ. ಅದರಲ್ಲಿ ಕಲ್ಲುಗಣಿಯ ಲಾರಿಗಳು ಓಡುತ್ತವೆ, ಪಕ್ಕಕ್ಕೆ ಸರಿಯಲು ಒಂದಡಿ ಜಾಗವಿಲ್ಲ. ಮಾರ್ಚಿನಲ್ಲಿ ಅವನು ಒಬ್ಬನೇ ಹೊರಟಿದ್ದಾನೆ. ಲಾರಿಯೊಂದು ಮೈ ಸವರಿಕೊಂಡಂತೆ ಹೋಗಿದೆ, ಇವನು ಚರಂಡಿಗೆ ಬಿದ್ದಿದ್ದಾನೆ. ಬಲಗೈ ಮಣಿಕಟ್ಟು ಮುರಿಯಿತು. ಅರವತ್ತು ವರ್ಷ ಕಲ್ಲು ಎತ್ತಿದ ಕೈ ಈಗ ಚಹಾದ ಬಟ್ಟಲು ಎತ್ತಲೂ ಇನ್ನೊಂದು ಕೈಯ ಆಸರೆ ಬೇಡುತ್ತದೆ.

ಕೈ ಕೂಡಿಕೊಂಡ ಮೇಲೆ, ಜುಲೈ ತಿಂಗಳ ಒಂದು ಭಾನುವಾರ, ನನಗೂ ಹೇಳದೆ ಅವನು ಹಳೆಯ ದಾರಿಯನ್ನೇ ಹಿಡಿದ. ತಾನೇ ಕಟ್ಟಿದ ತಡಮೆಯ ಮೇಲೆ ಬಿಗಿದ ತಂತಿಯ ಕೆಳಗೆ ಮಲಗಿ ನುಸುಳಿದ್ದಾನೆ, ಎಂಬತ್ತನಾಲ್ಕರ ಮನುಷ್ಯ. ಗುಡ್ಡ ಹತ್ತಿ, ಹೆಣದ ಕಲ್ಲಿನ ಮೇಲೆ ಕೂತು ದಣಿವಾರಿಸಿಕೊಂಡು, ಇಳಿಜಾರು ಇಳಿದು, ಚರ್ಚಿನ ಗೋಡೆಗೆ ನಲವತ್ತು ಹೆಜ್ಜೆ ಇರುವಾಗ ಮಾಲೀಕರ ಬೇಟೆಹಕ್ಕಿ ಕಾಯುವ ಆಳು ಅಡ್ಡ ಬಂದ. ಕೆಟ್ಟವನೇನಲ್ಲ, ಹೊರಗಿನಿಂದ ಬಂದ ಹುಡುಗ, ಹೇಳಿದ ಕೆಲಸ ಮಾಡುವವನು. ಹಕ್ಕಿಗಳು ಮರಿ ಮಾಡಿವೆ, ಇಲ್ಲಿ ಯಾರೂ ಬರಬಾರದು, ವಾಪಸ್ ಹೋಗಿ ಎಂದನಂತೆ. ಸೆಲ್ವಿನ್‌ಗೆ ಅಲ್ಲಿಂದ ಹೆಟ್ಟಿಯ ಕಲ್ಲು ಕಾಣುತ್ತಿತ್ತು. ಮುಂದೆ ನಲವತ್ತು ಹೆಜ್ಜೆ, ಹಿಂದೆ ಒಂದೂಕಾಲು ಮೈಲಿ. ಅವನು ಹಿಂದಕ್ಕೆ ನಡೆದ. ಸಂಜೆ ನನಗೆ ಇದನ್ನೆಲ್ಲ ಹೇಳುವಾಗ ಅವನು ಎರಡೆರಡು ಸಲ ಹೇಳಿದ್ದು ಒಂದು ಮಾತು ಮಾತ್ರ.

“ಸಾರಿ ಕಣಪ್ಪಾ ಅಂದ್ಬಿಟ್ಟೆ ಹುಡುಗಿ, ಆ ಕಾವಲು ಹುಡುಗನ್ಗೆ. ನಾನ್ಯಾಕೆ ಸಾರಿ ಅನ್ಬೇಕಿತ್ತು?”

ಎಪ್ಪತ್ತೊಂದಾದರೂ ನಾನು ಅವನಿಗೆ ಹುಡುಗಿಯೇ. ನಾವಿಬ್ಬರೂ ಒಂದೇ ಶಾಲೆಯಲ್ಲಿ, ಒಂದೇ ಟೀಚರ ಕೈಯಲ್ಲಿ ಮರ್ಯಾದೆ ಕಲಿತವರು.

ನೆಲ ಯಾರದ್ದು ಎಂದು ನಾವು ಜಗಳ ತೆಗೆದಿಲ್ಲ, ಮಾನ್ಯರೇ. ಹುಲ್ಲು ಅವರದ್ದು, ಕುರಿ ಅವರದ್ದು, ಹಕ್ಕಿಯೂ ಅವರದ್ದೇ, ವರ್ಷಕ್ಕೆ ಕೆಲವು ದಿನ ಬಂದು ಕೊಂದು ಹೋಗಲಿ. ನಾವು ಕೇಳಿದ್ದು ಎರಡಡಿ ಅಗಲದ ಮಣ್ಣಿನ ಮೇಲೆ ಕಾಲಿಡುವ ಹಕ್ಕು. ಬೇಲಿ ಕಿತ್ತು ಮನೆ ಕಟ್ಟುತ್ತೇವೆಂದಿಲ್ಲ, ಹೂ ಕೀಳುತ್ತೇವೆಂದಿಲ್ಲ, ನಾಯಿಯನ್ನೂ ಹಗ್ಗದಲ್ಲೇ ಕಟ್ಟಿಕೊಂಡು ಹೋಗುವವರು. ಗುಡ್ಡದ ಮೇಲೆ ನಿಂತು ಉಸಿರು ಬಿಡುವುದು, ಕೆಳಗೆ ತನ್ನ ಊರಿನ ಹೊಗೆಗೂಡು ನೋಡುವುದು, ಸತ್ತವರ ಹತ್ತಿರ ಕಾಲ್ನಡಿಗೆಯಲ್ಲಿ ಹೋಗಿ ಬರುವುದು, ಇಷ್ಟಕ್ಕೂ ಒಬ್ಬ ಕಾಣದ ಮನುಷ್ಯನ ಮರ್ಜಿ ಕಾಯಬೇಕಾದರೆ ಈ ದೇಶದಲ್ಲಿ ನಮ್ಮದು ಎನ್ನಲು ಉಳಿದದ್ದೇನು? ಡಾಂಬರು ರಸ್ತೆ ಮತ್ತು ಅದರ ಪಕ್ಕದ ಚರಂಡಿ. ಇಂಥ ಮುಚ್ಚಿದ ದಾರಿಗಳ ಅರ್ಜಿ ನಿಮ್ಮ ಕಪಾಟಿನಲ್ಲಿ ಇನ್ನೂ ಎಷ್ಟಿವೆಯೋ. ಒಂದೊಂದರ ಹಿಂದೆಯೂ ಒಬ್ಬ ಸೆಲ್ವಿನ್ ಇದ್ದಾನೆ. ನೀವು ‘ಪರಿಶೀಲನೆಯಲ್ಲಿದೆ’ ಎಂದು ಬರೆಯುತ್ತಾ ಇರಿ, ಅವರು ಒಬ್ಬೊಬ್ಬರಾಗಿ ಸಾಯುತ್ತಾ ಹೋಗುತ್ತಾರೆ. ಸಾಕ್ಷಿಗಳು ತೀರಿದ ಮೇಲೆ ಕಡತ ಮುಚ್ಚುವುದು ಸುಲಭವಲ್ಲವೇ?

ಆದ್ದರಿಂದ ನನ್ನ ಒತ್ತಾಯ ಇದು. ನಿಮ್ಮ ತೀರ್ಮಾನವನ್ನು ವಾಪಸ್ ತೆಗೆದುಕೊಳ್ಳಿ. ಹೆಟ್ಟಿಯ ಹೆಸರಿರುವ ಕಾರ್ಡನ್ನು ಸಾಕ್ಷ್ಯದಿಂದ ತೆಗೆದು ಸೆಲ್ವಿನ್‌ಗೆ ಕೊಡಿ. ಮರುವಿಚಾರಣೆಯನ್ನು ನಿಮ್ಮ ಕಾರ್ಪೆಟ್ಟಿನ ಕೋಣೆಯಲ್ಲಿ ಇಡಬೇಡಿ. ನಮ್ಮ ಊರಿನ ಸಭಾಂಗಣಕ್ಕೆ ಬನ್ನಿ, ಬರುವ ಮೊದಲು ಆ ದಾರಿಯಲ್ಲಿ ನಿಮ್ಮ ಸ್ವಂತ ಕಾಲಿನಲ್ಲಿ ನಡೆಯಿರಿ. ಬೂಟು ಕೆಸರಾದರೆ ತೊಳೆದುಕೊಡುತ್ತೇನೆ. ಕಲ್ಲಿನ ಮೇಲೆ ಕೈಯಿಟ್ಟು ಅದರ ಅಂಚು ಸವರಿ ನೋಡಿ, ಆಮೇಲೆ ‘ಉದ್ದೇಶ ತಿಳಿಯದು’ ಎಂದು ಬರೆಯಲು ಕೈ ಬಂದರೆ ಬರೆಯಿರಿ.

ಇನ್ನೊಂದು ವಿಷಯ. ಇದು ಕೋರಿಕೆಯಲ್ಲ, ಬರೀ ತಿಳುವಳಿಕೆಗಾಗಿ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾವು ಹೆಣದ ದಾರಿಯಲ್ಲಿ ಕರ್ಕ್‌ಸ್ಕೇಲಿಗೆ ಹೋಗುತ್ತೇವೆ. ಗುಟ್ಟಿಲ್ಲ, ಪತ್ರಿಕೆಯಲ್ಲೇ ಬರೆದಿದ್ದೇನೆ. ಬಲಪ್ರಯೋಗವೂ ಇಲ್ಲ, ತಂತಿಯ ಒಂದೆಳೆಯನ್ನೂ ಕತ್ತರಿಸುವುದಿಲ್ಲ. ಶಾಲೆಯ ಅಡುಗೆಮನೆಯ ಮಡಚುವ ಏಣಿ ತಂತಿಯ ಈ ಕಡೆ, ಕ್ಲೆಮ್ ರೇಸ್ಟ್ರಿಕ್‌ನ ಸೇಬು ಕೀಳುವ ಏಣಿ ಆ ಕಡೆ. ಸೆಲ್ವಿನ್ ನಡುವೆ, ನಾವು ಹಿಂದೆ ಮುಂದೆ. ಫಲಕ ಓದಿಯೂ ದಾಟಿದರೆ ಅದೂ ಬಲಪ್ರಯೋಗವೇ ಎಂದು ವಕೀಲರು ಹೇಳಬಹುದು. ಹೇಳಲಿ. ಅನುಮತಿಯನ್ನಂತೂ ಕೇಳುವುದಿಲ್ಲ. ಯಾರಾದರೂ ದೊಡ್ಡ ಮನಸ್ಸು ಮಾಡಿ ಕೊಡಲು ಬಂದರೆ ಮಾತನಾಡಲು ಕ್ಲೆಮ್‌ನನ್ನು ಮುಂದೆ ಬಿಡುತ್ತೇವೆ. ಅಂದಿನಿಂದ ಇಪ್ಪತ್ತು ವರ್ಷ ಎಣಿಸಿಕೊಳ್ಳಿ. ಆಗ ನನಗೆ ತೊಂಬತ್ತೊಂದು, ಸೆಲ್ವಿನ್‌ಗೆ ನೂರನಾಲ್ಕು. ಪ್ರತಿ ಭಾನುವಾರ ಬರುತ್ತೇವೆ.

ಈ ಪತ್ರವನ್ನು ಪತ್ರಿಕೆಗೆ ಕಳಿಸುವ ಮೊದಲು ಸೆಲ್ವಿನ್‌ನ ಅಡುಗೆಮನೆಯಲ್ಲಿ ಕೂತು ಅವನಿಗೆ ಓದಿ ಹೇಳಿದೆ. ನಲವತ್ತೇಳನೆಯ ಪರಿಚ್ಛೇದದ ಭಾಗ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು ಮುಂದೆ ಓದಿದೆ. ಆ ಸಾಲು ಬರೆದವಳು ನಾನು. ಈ ಒಂದು ತಿಂಗಳಲ್ಲಿ ಅವನು ಅದರ ಬಗ್ಗೆ ಒಂದು ಮಾತೂ ಎತ್ತಿರಲಿಲ್ಲ. ಎತ್ತಿ ಬೈದಿದ್ದರೂ ಚೆನ್ನಾಗಿತ್ತು. ಅವನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡ. ಆಮೇಲೆ, ಕೊನೆಯಲ್ಲಿ ಏನೆಂದು ಬರೆದಿದ್ದೀಯ ಎಂದು ಕೇಳಿದ. ಎಲ್ಲ ಪತ್ರದ ಕೊನೆಗೂ ಬರೆಯುವ ಹಾಗೆ ‘ಧನ್ಯವಾದಗಳೊಂದಿಗೆ’ ಎಂದೇ ಬರೆದಿದ್ದೆ. ಅದನ್ನೂ ಓದಿದೆ.

“ಅದನ್ನ ಹೊಡ್ದ್‌ಹಾಕು ಹುಡುಗಿ,” ಎಂದ. “ಹೆಟ್ಟಿ ಹತ್ರ ಹೋಗೋ ದಾರಿ ಅದ್ರಲ್ಲೇ ಹೋಗಿದ್ದು.”

ಹೊಡೆದುಹಾಕಿದ್ದೇನೆ.

ಇಂತಿ,
ನಿಮಗೆ ಯಾವ ಋಣವೂ ಇಲ್ಲದ
ಮ್ಯೂರಿಯಲ್ ಗಾರ್ಥ್,
ಕಾರ್ಯದರ್ಶಿ, ದಾರಿಯಿಲ್ಲದ ಕಾಲುದಾರಿ ಸಮಿತಿ,
ಹ್ಯಾಗ್‌ಬೆಕ್.